ಪ್ರವಾಸಿಗನ ನಿರಾಶೆ ಮತ್ತು ಊರಿನ ನಿಜ

ಕೆಲವು ವರ್ಷಗಳ ಹಿಂದೆ ಮೇ ತಿಂಗಳ ರಜೆಗೆಂದು ಬೆಂಗಳೂರಿನಿಂದ ನನ್ನ ತಂಗಿಯ ಕುಟುಂಬ ಹಿಂಡಲಗಾದ ನಮ್ಮ ಮನೆಗೆ ಬಂದಿತ್ತು. ಮಕ್ಕಳು ಗೋಕಾಕ ಜಲಪಾತದ ಚಿತ್ರವೊಂದನ್ನು ಎಲ್ಲಿಯೋ ಕಂಡಿದ್ದರು. ಕುದುರೆ ಲಾಳದ ಆಕಾರದ ಬಂಡೆಯ ಅಂಚಿನಿಂದ ಕೆಂಪು ನೀರು ಧುಮ್ಮಿಕ್ಕುವ ಚಿತ್ರ ಅದು. ಅದನ್ನೇ ನೋಡಬೇಕೆಂದು ಹಟ ಹಿಡಿದರು. ಬೇಸಿಗೆಯಲ್ಲಿ ಬೇಡ ಎಂದು ಹೇಳಿ ನೋಡಿದೆ. ಅತಿಥಿಗಳ ಆಸೆಯ ಮುಂದೆ ನನ್ನ ಮಾತು ನಿಲ್ಲಲಿಲ್ಲ. ಉರಿಬಿಸಿಲಿನಲ್ಲಿ ಅಲ್ಲಿಗೆ ಹೋಗಿ ನಿಂತಾಗ ಕಣ್ಣೆದುರಿಗೆ ಇದ್ದದ್ದು ಬರಿಯ ಬಂಡೆ. ಒಂದು ಮೂಲೆಯಲ್ಲಿ ನೂಲಿನೆಳೆಯಂತೆ ನೀರು ಇಳಿಯುತ್ತಿತ್ತು. ಕಿರಿಯ ಸೊಸೆ ನನ್ನ ಕೈ ಜಗ್ಗಿ, “ಮಾಮಾ, ಇಷ್ಟೇನಾ?” ಎಂದಳು.

ಆ ಸಂಜೆ ಮೈದುನ ಬೆಂಗಳೂರಿನ ಗೆಳೆಯರೊಬ್ಬರೊಡನೆ ಫೋನಿನಲ್ಲಿ ಮಾತನಾಡುತ್ತ, “ಗೋಕಾಕದಲ್ಲಿ ನೋಡುವಂಥದ್ದು ಏನೂ ಇಲ್ಲ, ಸುಮ್ಮನೆ ಹೋಗಬೇಡಿ” ಎಂದದ್ದು ನನ್ನ ಕಿವಿಗೆ ಬಿತ್ತು. ನನಗೆ ನೋವಾಯಿತು. ಆದರೆ ರಾತ್ರಿ ಮಲಗಿದಾಗ ನೆನಪಾದದ್ದು ಬೇರೆಯೇ. ಹಿಂದೊಮ್ಮೆ ಮಾರ್ಚ್ ತಿಂಗಳಿನಲ್ಲಿ ಜೋಗಕ್ಕೆ ಹೋಗಿ ಬಂದ ನಾನು, ಕೇಳಿದವರಿಗೆಲ್ಲ ಇದೇ ಮಾತನ್ನು ಹೇಳಿದ್ದೆ. ಸಾಗರದ ಕಡೆಯವರಾದ ಒಬ್ಬರು ಗುರುಗಳು ನನ್ನ ಮಾತನ್ನು ಕೇಳಿ ಏನೂ ಹೇಳದೆ ಸುಮ್ಮನಾಗಿದ್ದರು. ಅವರ ಆ ಮೌನದ ಅರ್ಥ ನನಗೆ ತಿಳಿದದ್ದು ಗೋಕಾಕದಿಂದ ಮರಳಿದ ಮೇಲೆ.

ನೋಡಿದ ಊರು ಒಂದೇ; ನೋಡಿ ಬಂದವರ ಮಾತು ಮಾತ್ರ ಹತ್ತು ಬಗೆ. ಹೀಗೇಕೆ? ಒಬ್ಬನಿಗೆ ಸ್ವರ್ಗವಾದದ್ದು ಇನ್ನೊಬ್ಬನಿಗೆ ದಂಡವಾಗುವುದೇಕೆ? ‘ಅವರವರ ರುಚಿ’ ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ಆ ಮಾತಿನಿಂದ ಯಾವುದೂ ತಿಳಿಯುವುದಿಲ್ಲ. ಪ್ರವಾಸದ ಅಭಿಪ್ರಾಯವೆಂಬುದನ್ನು ಒಂದು ಬರಹದಂತೆಯೇ ಬಿಡಿಸಿ ಓದಿದರೆ, ಅದರಲ್ಲಿ ಊರಿನ ಪಾಲು ಎಷ್ಟು, ನೋಡಿದವನ ಪಾಲು ಎಷ್ಟು ಎಂಬುದು ತಕ್ಕಮಟ್ಟಿಗೆ ಗೋಚರವಾಗುತ್ತದೆ.

ಮೊದಲನೆಯದು ಕಾಲ. ಗೋಕಾಕದಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಬೀಳುತ್ತದೆ. ಆದರೆ ಆ ನೀರು ಗೋಕಾಕದ್ದಲ್ಲ, ಸಹ್ಯಾದ್ರಿಯದು. ನಮ್ಮ ಹಿಂಡಲಗಾವನ್ನು ಹಾಯ್ದು ಹೋಗುವ ವೆಂಗುರ್ಲಾ ರಸ್ತೆಯಲ್ಲಿಯೇ ಮುಂದೆ ಸಾಗಿದರೆ ಮಹಾರಾಷ್ಟ್ರದ ಅಂಬೋಲಿ ಸಿಗುತ್ತದೆ. ಅಲ್ಲಿ ಹುಟ್ಟುವ ಹಿರಣ್ಯಕೇಶಿ ಘಟಪ್ರಭೆಯನ್ನು ಕೂಡಿಕೊಂಡು ಗೋಕಾಕಕ್ಕೆ ಬರುತ್ತದೆ. ದಾರಿಯಲ್ಲಿ ಹಿಡಕಲ್ ಜಲಾಶಯವಿದೆ, ಧೂಪದಾಳದ ಒಡ್ಡು ಇದೆ, ಕಾಲುವೆಗಳಿವೆ. ಮಳೆಗಾಲ ಕಳೆದ ಮೇಲೆ ನದಿಯ ನೀರು ಕಬ್ಬಿನ, ಜೋಳದ ಹೊಲಗಳಿಗೆ ತಿರುಗುತ್ತದೆ. ಬಂಡೆಗೆ ಉಳಿಯುವುದು ಅಲ್ಪ. ಮೇ ತಿಂಗಳಲ್ಲಿ ಜಲಪಾತ ಬತ್ತಿದೆಯೆಂದರೆ ಅದು ಗೋಕಾಕದ ದೋಷವಲ್ಲ. ಆ ನೀರು ಬೇರೆ ಎಲ್ಲಿಯೋ ಅನ್ನವಾಗುತ್ತಿದೆ ಎಂದರ್ಥ. ಜೋಗದ ಮಾತೂ ಇದೇ. 253 ಮೀಟರ್ ಎತ್ತರದಿಂದ ಬೀಳುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಅಡ್ಡವಾಯಿತು. ಅದಕ್ಕೂ ಮೊದಲು ನೋಡಿದವರು ಹೇಳುವ ಜೋಗ ಒಂದು, ನಾನು ಮಾರ್ಚಿನಲ್ಲಿ ಕಂಡ ಜೋಗ ಇನ್ನೊಂದು. ನನ್ನ ಮನೆಯ ದೀಪವನ್ನು ಬೆಳಗಿಸುವ ವಿದ್ಯುತ್ತಿನಲ್ಲಿ ಒಂದು ಪಾಲು ಆ ನೀರಿನದೇ ಎಂಬುದು ಅಂದು ನನಗೆ ಹೊಳೆದಿರಲಿಲ್ಲ.

ಇತಿಹಾಸದಲ್ಲಿಯೂ ಕಾಲ ಇದೇ ಆಟವನ್ನು ಆಡಿದೆ. ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್ ಸುಮಾರು 1520ರಲ್ಲಿ ವಿಜಯನಗರವನ್ನು ಕಂಡು, ಅದರ ವಿಸ್ತಾರವನ್ನು ರೋಮ್ ನಗರಕ್ಕೆ ಹೋಲಿಸಿದ. ಇಟಲಿಯ ವರ್ತಕ ಸೆಸಾರೆ ಫೆದರಿಚಿ ಅಲ್ಲಿಗೆ ಬಂದದ್ದು 1567ರಲ್ಲಿ. ನಡುವೆ 1565ರ ಯುದ್ಧ ನಡೆದುಹೋಗಿತ್ತು. ಅವನು ಕಂಡದ್ದು ನಿಂತೇ ಇದ್ದ, ಆದರೆ ಬರಿದಾದ ಮನೆಗಳನ್ನು; ಅವುಗಳಲ್ಲಿ ಕಾಡುಮೃಗಗಳು ಸೇರಿಕೊಂಡಿವೆಯೆಂದು ಬರೆದ. ಇಬ್ಬರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ತಾರೀಖನ್ನು ಅಳಿಸಿ ಈ ಎರಡು ಬರಹಗಳನ್ನು ಅಕ್ಕಪಕ್ಕ ಇಟ್ಟರೆ ಮಾತ್ರ ಒಂದು ಸುಳ್ಳಾಗಿ ತೋರುತ್ತದೆ. ಇಂದಿನ ಪ್ರವಾಸ ಲೇಖನಗಳಲ್ಲಿ ಹೆಚ್ಚಿನವು ಮಾಡುವ ಮೊದಲ ತಪ್ಪು ಇದೇ: ಅವು ಆಗಸ್ಟ್ ತಿಂಗಳಿನ ಚಿತ್ರವನ್ನು ಮುದ್ರಿಸುತ್ತವೆ, ಆದರೆ ಅದು ಆಗಸ್ಟ್ ಎಂಬುದನ್ನು ಹೇಳುವುದಿಲ್ಲ.

ಎರಡನೆಯದು ಆತಿಥ್ಯ. ಹದಿನೈದನೆಯ ಶತಮಾನದ ಕಲ್ಲಿಕೋಟೆಯ ಬಗ್ಗೆ ಎರಡು ಪ್ರಸಿದ್ಧ ಬರಹಗಳಿವೆ. ಚೀನದ ನೌಕಾದಂಡಿನೊಡನೆ ಬಂದ ಮಾ ಹುವಾನ್ ಅಲ್ಲಿಯ ವ್ಯಾಪಾರಿಗಳ ಪ್ರಾಮಾಣಿಕತೆಯನ್ನೂ ಲೆಕ್ಕದ ಚಾತುರ್ಯವನ್ನೂ ಮೆಚ್ಚಿ ಬರೆದ. ಕೆಲವೇ ವರ್ಷಗಳ ತರುವಾಯ, 1440ರ ದಶಕದ ಆರಂಭದಲ್ಲಿ, ಪಾರಸಿಕ ದೊರೆ ಶಾರುಖನ ರಾಯಭಾರಿ ಅಬ್ದುಲ್ ರಜಾಕ್ ಅದೇ ಊರಿಗೆ ಬಂದ. ಅವನಿಗೆ ಅಲ್ಲಿಯ ಜನರ ರೂಪ, ಉಡುಗೆ ಯಾವುದೂ ಹಿಡಿಸಲಿಲ್ಲ. ಸಮುದ್ರಯಾನದಲ್ಲಿ ಅವನು ಮೊದಲೇ ಬಳಲಿದ್ದ. ಸಾಮೂದಿರಿಯ ಆಸ್ಥಾನದಲ್ಲಿ ನಿರೀಕ್ಷಿಸಿದ ಗೌರವವೂ ದೊರೆಯಲಿಲ್ಲ. ಅಲ್ಲಿಂದ ಎರಡನೆಯ ದೇವರಾಯನ ಆಹ್ವಾನದ ಮೇಲೆ 1443ರಲ್ಲಿ ವಿಜಯನಗರಕ್ಕೆ ಬಂದಾಗ ವಸತಿ, ಆಹಾರ, ಕಾಣಿಕೆ ಎಲ್ಲವೂ ಸಿಕ್ಕವು. ಅಂಥ ನಗರವನ್ನು ಕಣ್ಣು ಕಂಡಿಲ್ಲ, ಕಿವಿ ಕೇಳಿಲ್ಲ ಎಂಬ ಧಾಟಿಯಲ್ಲಿ ಅವನ ಲೇಖನಿ ಹರಿಯಿತು. ವಿಜಯನಗರ ಆ ಹೊಗಳಿಕೆಗೆ ಅರ್ಹವಾಗಿತ್ತು ನಿಜ. ಆದರೆ ಕಲ್ಲಿಕೋಟೆ ಆ ತೆಗಳಿಕೆಗೆ ಅರ್ಹವಾಗಿತ್ತೇ? ಮೆಚ್ಚತಕ್ಕ ಸಂಗತಿಯೆಂದರೆ, ಅಷ್ಟು ಬೇಸರಗೊಂಡ ಅಬ್ದುಲ್ ರಜಾಕನೂ ಆ ಬಂದರಿನ ಭದ್ರತೆಯನ್ನೂ ನ್ಯಾಯವನ್ನೂ ಒಪ್ಪಿಕೊಂಡು ಬರೆದಿದ್ದಾನೆ. ತನ್ನ ಬೇಸರದ ಆಚೆಗಿರುವ ಸತ್ಯವನ್ನು ಒಪ್ಪುವ ಪ್ರವಾಸಿಗನನ್ನು ನಂಬಬಹುದು.

ಮೂರನೆಯದು, ನೋಡುವವನು ಯಾರು ಎಂಬುದು. ಕನ್ನಡದ ಪ್ರವಾಸ ಸಾಹಿತ್ಯ ಈ ವಿಷಯದಲ್ಲಿ ನಮಗೆ ಒಳ್ಳೆಯ ಪಾಠ ಹೇಳುತ್ತದೆ. ಅಮೆರಿಕೆಯನ್ನು ಕುರಿತ ಮೂರು ಪುಸ್ತಕಗಳ ಹೆಸರನ್ನಷ್ಟೇ ಗಮನಿಸೋಣ. ಇಳಿವಯಸ್ಸಿನಲ್ಲಿ ಹೋಗಿಬಂದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಕೃತಿ ‘ಅಮೆರಿಕಾದಲ್ಲಿ ಗೊರೂರು’. ಅದಕ್ಕೆ 1980ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಎ.ಎನ್. ಮೂರ್ತಿರಾಯರದು ‘ಅಪರವಯಸ್ಕನ ಅಮೆರಿಕಾ ಯಾತ್ರೆ’. ಸಂಶೋಧನೆಗೆಂದು ಅಲ್ಲಿಗೆ ಹೋದ ಹೊನ್ನಾವರದ ಕೃಷ್ಣಾನಂದ ಕಾಮತರದು ‘ನಾನೂ ಅಮೇರಿಕೆಗೆ ಹೋಗಿದ್ದೆ’. ದೇಶ ಒಂದೇ. ಆದರೆ ಮೊದಲ ಹೆಸರಿನಲ್ಲಿ ಲೇಖಕನ ಜೊತೆಗೆ ಹೇಮಾವತಿ ದಂಡೆಯ ಒಂದು ಹಳ್ಳಿಯೂ ಕಡಲು ದಾಟಿದೆ. ಎಲ್ಲವನ್ನೂ ಆ ಹಳ್ಳಿಯ ಕಣ್ಣಿನಿಂದ ಅಳೆಯುತ್ತೇನೆ ಎಂಬ ಒಪ್ಪಿಗೆ ಅಲ್ಲಿದೆ. ಎರಡನೆಯದು, ನೋಡುತ್ತಿರುವುದು ಮುಪ್ಪಿನ ಕಣ್ಣು ಎಂದು ಮೊದಲೇ ತಿಳಿಸುತ್ತದೆ. ಮೂರನೆಯದರಲ್ಲಿ ‘ನಾನೂ’ ಎಂಬ ಒಂದು ದೀರ್ಘಸ್ವರ ವಿದೇಶ ಯಾತ್ರೆಯ ಬಡಿವಾರವನ್ನು ನಗೆಯಾಡಿ ಇಳಿಸಿಬಿಡುತ್ತದೆ. ಈ ಹಿರಿಯರು ಹೊದಿಕೆಯ ಮೇಲೆಯೇ ತಮ್ಮ ಅಳತೆಗೋಲನ್ನು ಓದುಗನ ಕೈಗೆ ಕೊಟ್ಟರು. ಓದುಗನು ಅವರ ಮೆಚ್ಚಿಕೆಯಿಂದಲೂ ಬೇಸರದಿಂದಲೂ ಎಷ್ಟನ್ನು ಕಳೆಯಬೇಕು, ಎಷ್ಟನ್ನು ಕೂಡಿಸಬೇಕು ಎಂಬುದನ್ನು ತಾನೇ ಲೆಕ್ಕಹಾಕಿಕೊಳ್ಳಬಲ್ಲ.

ಇದಕ್ಕೆ ಹೋಲಿಸಿದರೆ ಇಂದು ನಾವು ಓದುವ ಪ್ರವಾಸ ಬರಹಗಳಲ್ಲಿ ಹೆಚ್ಚಿನವು ಎರಡೇ ಬಗೆಯವು. ಒಂದು ಬಗೆಯಲ್ಲಿ ಎಲ್ಲವೂ ‘ರಮಣೀಯ’, ‘ಕಣ್ಮನ ಸೆಳೆಯುವ’, ‘ಭೂಲೋಕದ ಸ್ವರ್ಗ’. ಊರಿನ ಹೆಸರನ್ನು ಬದಲಾಯಿಸಿದರೆ ಅದೇ ಲೇಖನ ಕೊಡಗಿಗೂ ಸಲ್ಲುತ್ತದೆ, ಕಾಶ್ಮೀರಕ್ಕೂ ಸಲ್ಲುತ್ತದೆ. ಇನ್ನೊಂದು ಬಗೆಯಲ್ಲಿ ಎಲ್ಲವೂ ದೂರು: ಕೋಣೆ ಚಿಕ್ಕದು, ಊಟ ಖಾರ, ರಸ್ತೆ ಕೆಟ್ಟದ್ದು, ಆದ್ದರಿಂದ ಊರು ಕೆಟ್ಟದ್ದು. ಮೇಲುನೋಟಕ್ಕೆ ಇವೆರಡೂ ಪರಸ್ಪರ ವಿರುದ್ಧ. ಒಳಗೆ ಅವು ಒಡಹುಟ್ಟಿದವರು; ಎರಡರಲ್ಲಿಯೂ ಆ ಊರಿನ ಜನರಿಲ್ಲ. ಮೊದಲನೆಯದು ಹುಟ್ಟಿಸಿದ ನಿರೀಕ್ಷೆಯೇ ಎರಡನೆಯದರಲ್ಲಿ ನಿರಾಶೆಯಾಗಿ ಹೊರಬರುತ್ತದೆ. ನನ್ನ ಸೊಸೆಯ “ಇಷ್ಟೇನಾ?” ಎಂಬ ಪ್ರಶ್ನೆ ಸಲ್ಲಬೇಕಾದದ್ದು ಗೋಕಾಕಕ್ಕಲ್ಲ, ಆ ಚಿತ್ರವನ್ನು ತಾರೀಖಿಲ್ಲದೆ ಮುದ್ರಿಸಿದವರಿಗೆ.

ಖಾನಾಪುರ ತಾಲ್ಲೂಕಿನ ಕಣಕುಂಬಿಗೆ ಹೋದವರಿಗೆ ಈ ಅನುಭವ ಆಗಿಯೇ ಇರುತ್ತದೆ. ಮಲಪ್ರಭೆಯ ಉಗಮವೆಂದು ಕೇಳಿ ಹೋದವನಿಗೆ ಅಲ್ಲಿ ಸಿಗುವುದು ಕಾಡಿನ ನಡುವಣ ಒಂದು ಊರು, ಒಂದು ಗುಡಿ, ಒಂದು ಕುಂಡ. ನದಿಯನ್ನು ನೋಡಲು ಹೋದವನು ಬೊಗಸೆ ನೀರನ್ನು ನೋಡಿ ಮರಳುತ್ತಾನೆ. ಆದರೆ ನವಲಗುಂದದ ಕಡೆಯ ಒಬ್ಬ ರೈತ ಅಲ್ಲಿ ನಿಂತರೆ ಏನು ಕಂಡಾನು? ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ತಡೆದು ನಿಲ್ಲಿಸಿದ ನೀರು, ತನ್ನ ಹೊಲದ ಕಾಲುವೆ, ನೀರಿನ ಕರದ ಸಿಟ್ಟಿನಿಂದ 1980ರಲ್ಲಿ ನರಗುಂದ–ನವಲಗುಂದಗಳಲ್ಲಿ ಭುಗಿಲೆದ್ದ ರೈತರ ಬಂಡಾಯ, 304 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಒಂದು ಇಡೀ ಬದುಕು—ಎಲ್ಲವೂ ಆ ಕುಂಡದಲ್ಲಿ ಅವನಿಗೆ ಕಾಣುತ್ತದೆ. ಕುಂಡ ಚಿಕ್ಕದೇ. ಅದನ್ನು ಹಿರಿದಾಗಿಸುವುದು ನೋಡುವವನು ತನ್ನೊಡನೆ ತಂದ ತಿಳಿವಳಿಕೆ ಮತ್ತು ಋಣ.

ಹಾಗಾದರೆ ಊರುಗಳಲ್ಲಿ ದೋಷವೇ ಇಲ್ಲವೇ? ನಿರಾಶೆಯೆಲ್ಲವೂ ಪ್ರವಾಸಿಗನ ಅಜ್ಞಾನವೇ? ಹಾಗೆಂದರೆ ಅದೂ ಅನ್ಯಾಯವೇ. ಮಳೆಗಾಲದ ಭಾನುವಾರ ಅಂಬೋಲಿಯ ಘಟ್ಟದಲ್ಲಿ ವಾಹನಗಳ ಸಾಲು, ಬಾಟಲಿಗಳ ಚೂರು, ತಿಂಡಿ ಪೊಟ್ಟಣಗಳ ಕಸವನ್ನು ಕಂಡು ಬೇಸರಪಟ್ಟವನನ್ನು ‘ನಿನ್ನ ದೃಷ್ಟಿ ಸರಿಯಿಲ್ಲ’ ಎನ್ನಲಾಗದು. ಹೆಣ್ಣುಮಕ್ಕಳಿಗೆ ಶೌಚಾಲಯವಿಲ್ಲದ ಕ್ಷೇತ್ರ, ಕಂಬಿಯಿಲ್ಲದ ಪ್ರಪಾತದ ಅಂಚು, ಹೊರಗಿನವನೆಂದು ತಿಳಿದೊಡನೆ ಇಮ್ಮಡಿಯಾಗುವ ಬಾಡಿಗೆ—ಇವುಗಳ ಮೇಲಿನ ದೂರು ನ್ಯಾಯವಾದದ್ದು. ಎರಡು ಬಗೆಯ ನಿರಾಶೆಗಳನ್ನು ಬೇರ್ಪಡಿಸಲು ನನಗೆ ಒಂದು ಸರಳವಾದ ಪರೀಕ್ಷೆ ಹೊಳೆಯುತ್ತದೆ: ನಾನು ದೂರುತ್ತಿರುವ ಕೊರತೆ ಆ ಊರಿನವರಿಗೂ ಕೊರತೆಯೇ?

ಕಸ ಊರಿನವರಿಗೂ ಕಸವೇ. ಪ್ರವಾಸಿ ಎರಡು ತಾಸು ಅದನ್ನು ಸಹಿಸಿದರೆ ಅವರು ವರ್ಷವಿಡೀ ಸಹಿಸುತ್ತಾರೆ. ಶೌಚಾಲಯವಿಲ್ಲದಿರುವುದು ಅಲ್ಲಿ ಹೂವು ಮಾರುವ ಹೆಣ್ಣುಮಗಳಿಗೂ ಕಷ್ಟವೇ. ಅಂಥ ದೂರನ್ನು ಗಟ್ಟಿಯಾಗಿ ಹೇಳಬೇಕು, ಬರೆಯಬೇಕು. ಅದರಿಂದ ಊರಿಗೆ ಉಪಕಾರವಾಗುತ್ತದೆ. ಆದರೆ ಮೇ ತಿಂಗಳಿನಲ್ಲಿ ನೀರು ಹೊಲಕ್ಕೆ ಹೋಗಿರುವುದು ಅಲ್ಲಿಯ ರೈತನಿಗೆ ಕೊರತೆಯಲ್ಲ. ರಾತ್ರಿ ಎಂಟಕ್ಕೆ ಅಂಗಡಿ ಮುಚ್ಚುವುದು, ಊಟದಲ್ಲಿ ನಮ್ಮೂರಿನ ರುಚಿ ಇಲ್ಲದಿರುವುದು, ಮಂಜು ಕವಿದು ಕಣಿವೆ ಕಾಣದಿರುವುದು ಅಲ್ಲಿಯ ಜನರ ಬಾಳಿನ ಸಹಜ ಸಂಗತಿಗಳು. ಇವುಗಳನ್ನು ಊರಿನ ದೋಷವೆಂದು ಬರೆಯುವವನು ತನ್ನನ್ನೇ ಕುರಿತು ಬರೆಯುತ್ತಿದ್ದಾನೆ, ಹೆಸರು ಮಾತ್ರ ಊರಿನದು. ಮೈದುನನ ಮಾತು ನನಗೆ ನೋವು ಕೊಟ್ಟದ್ದು ಏಕೆಂಬುದೂ ಈ ಪರೀಕ್ಷೆಯಿಂದ ತಿಳಿಯಿತು. ಅವನು ಗೋಕಾಕದಲ್ಲಿ ಕಂಡದ್ದು ನೀರಿಲ್ಲದ ಬಂಡೆ. ಅದೇ ಬಂಡೆಯ ಬಳಿ 1880ರ ದಶಕದಲ್ಲಿ ನೀರಿನ ಬಲವನ್ನು ನಂಬಿ ಹುಟ್ಟಿದ ಹತ್ತಿಗಿರಣಿ, ತಲೆಮಾರುಗಳ ಕಾಲ ಅದರ ಶಿಳ್ಳೆಗೆ ಎದ್ದು ಮಲಗಿದ ಕುಟುಂಬಗಳು, ದಂಡೆಯ ಮೇಲಿನ ಮಹಾಲಿಂಗೇಶ್ವರನ ಪ್ರಾಚೀನ ಗುಡಿ, ಇವು ಮೇ ತಿಂಗಳಿನಲ್ಲಿಯೂ ಬತ್ತಿರಲಿಲ್ಲ.

ಬೈಬಲ್ಲಿನ ಸಂಖ್ಯಾಕಾಂಡದಲ್ಲಿ ಒಂದು ಪ್ರವಾಸ ವರದಿಯಿದೆ. ಮೋಶೆ ಕಾನಾನ್ ನಾಡನ್ನು ನೋಡಿ ಬರಲು ಹನ್ನೆರಡು ಜನರನ್ನು ಕಳುಹಿಸಿದ. ಅವರೆಲ್ಲ ನೋಡಿದ್ದು ಒಂದೇ ನಾಡು, ಒಂದೇ ನಲವತ್ತು ದಿನ. ದ್ರಾಕ್ಷಿಯ ಗೊಂಚಲನ್ನು ಅಡ್ಡದಂಡಿಗೆಗೆ ಕಟ್ಟಿ ಇಬ್ಬರು ಹೊತ್ತು ತಂದರು. ನಾಡು ಸಮೃದ್ಧವಾದದ್ದು, ಪಟ್ಟಣಗಳಿಗೆ ಕೋಟೆಗಳಿವೆ, ಜನ ಬಲಿಷ್ಠರು: ಇಷ್ಟರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಆದರೂ ಹತ್ತು ಜನ ಆ ನಾಡು ಬೇಡವೆಂದರು. ಕಾಲೇಬ್ ಮತ್ತು ಯೆಹೋಶುವ ಇಬ್ಬರು ಮಾತ್ರ ಒಳ್ಳೆಯ ನಾಡೆಂದರು. ಆ ಹತ್ತು ಜನರ ಮಾತಿನಲ್ಲಿ ಒಂದು ಸಂಗತಿ ಗಮನಾರ್ಹ. ಅಲ್ಲಿಯ ಎತ್ತರದ ಜನರ ಮುಂದೆ ತಾವು ತಮ್ಮ ಕಣ್ಣಿಗೇ ಮಿಡತೆಗಳಂತೆ ಕಂಡೆವೆಂದು ಅವರೇ ಒಪ್ಪಿಕೊಂಡರು. ನಾಡಿನ ವರದಿ ಕೊಡಲು ಹೋದವರು ಕೊಟ್ಟದ್ದು ತಮ್ಮ ಅಂಜಿಕೆಯ ವರದಿಯನ್ನು. ಆ ವರದಿಯ ಫಲವನ್ನು ಒಂದು ಇಡೀ ಜನಾಂಗ ನಲವತ್ತು ವರ್ಷ ಮರುಭೂಮಿಯಲ್ಲಿ ಉಣ್ಣಬೇಕಾಯಿತು. ಪ್ರವಾಸಿಗನ ಒಂದು ಮಾತು ಹಗುರವಾದದ್ದಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ನನಗೆ ಗೊತ್ತಿಲ್ಲ.

ಕೊನೆಯದಾಗಿ ನಮ್ಮ ಹಿಂಡಲಗಾದ ಮಾತು. ಈ ಊರಿನ ಬಗ್ಗೆ ನಾಡಿನಲ್ಲಿ ಇರುವ ಅಭಿಪ್ರಾಯ ಒಂದೇ: ಜೈಲು. 1923ರಲ್ಲಿ ಆರಂಭವಾದ ಇಲ್ಲಿಯ ಕೇಂದ್ರ ಕಾರಾಗೃಹವನ್ನು ಜನ ಗಲ್ಲುಗಂಬದ ಜೊತೆಗೇ ನೆನೆಯುತ್ತಾರೆ. ‘ಎಲ್ಲಿಯವರು?’ ಎಂದು ಪರವೂರಿನಲ್ಲಿ ಯಾರಾದರೂ ಕೇಳಿದಾಗ ‘ಹಿಂಡಲಗಾ’ ಎಂದರೆ ಒಂದು ಕ್ಷಣ ನಗುತ್ತಾರೆ. ಬೆಳಗಾವಿಯಿಂದ ಬರುವ ರಸ್ತೆಯಲ್ಲಿ ರಜೆಯ ಗುಂಪುಗಳು ಹಾಡುತ್ತ ಅಂಬೋಲಿಯ ಕಡೆಗೆ, ಕೊಂಕಣದ ಕಡಲಿನ ಕಡೆಗೆ ಸಾಗಿಹೋಗುತ್ತವೆ. ಅದೇ ರಸ್ತೆಯಲ್ಲಿ ಬೇರೊಂದು ಬಗೆಯ ಪ್ರಯಾಣಿಕರು ಇಳಿಯುತ್ತಾರೆ. ಅವರನ್ನು ಯಾವ ಪ್ರವಾಸೋದ್ಯಮವೂ ಲೆಕ್ಕಕ್ಕೆ ಹಿಡಿದಿಲ್ಲ.

ತಂಗಿಯ ಕುಟುಂಬ ಹೊರಟುಹೋದ ಮರುವಾರ ನಾನು ಸಿಟಿ ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದಲ್ಲಿ ವಿಜಯಪುರದ ಕಡೆಯ ಒಬ್ಬ ವೃದ್ಧೆ, ಮಡಿಲಲ್ಲಿ ಒಂದು ಚೀಲ. ಜೈಲಿನ ಸ್ಟಾಪು ಬಂದಾಗ ತಿಳಿಸಿ ಎಂದು ಕಂಡಕ್ಟರರಿಗೆ ಹೇಳಿದ್ದು ಕೇಳಿಸಿತು. ಮಗನ ಭೇಟಿಗೆ ಬಂದಿದ್ದರು.

“ಎಷ್ಟ ವರ್ಷ ಆತವ್ವಾ, ಬರಾಕ ಹತ್ತಿ?”

“ಆರ ವರ್ಷ ಆತ್ರಿ ಅಣ್ಣಾರ.”

ಏನು ಮಾತನಾಡಬೇಕೆಂದು ತೋಚದೆ, ಮೈದುನನ ಮಾತು ಇನ್ನೂ ಮನಸ್ಸಿನಲ್ಲಿದ್ದುದರಿಂದಲೋ ಏನೋ, “ನಮ್ಮ ಊರು ಹ್ಯಾಂಗ ಅನಸ್ತೈತಿ?” ಎಂದು ಕೇಳಿಬಿಟ್ಟೆ. ಕೇಳಿದ ಮೇಲೆ ನಾಚಿಕೆಯಾಯಿತು. ಆಕೆ ಮಾತ್ರ ಆ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ತೆಗೆದುಕೊಂಡರು.

“ಊರು ತಂಪ ಐತ್ರಿ. ನಮ್ಮ ಕಡೆ ಈಗ ನೆಲಾ ಸುಡತೈತಿ. ಇಲ್ಲಿ ಗಿಡಾ ಭಾಳ ಅದಾವು. ಹೊರಗ ಕುಂಡ್ರಾಕ ನೆಳ್ಳ ಐತಿ. ಒಮ್ಮೆ ಒಬ್ಬಾಕಿ ತನ್ನ ಮನಿಯಿಂದ ನೀರ ತಂದ ಕೊಟ್ಟಳ್ರಿ, ಯಾರಂತ ಕೇಳಲಿಲ್ಲ.”

ಆರು ವರ್ಷ ಬಂದು ಹೋದರೂ ಆಕೆ ಬೆಳಗಾವಿಯ ಕೋಟೆಯನ್ನಾಗಲಿ ಕಮಲಬಸದಿಯನ್ನಾಗಲಿ ನೋಡಿರಲಿಲ್ಲ. ಆದರೂ ನಿರಾಶೆಗೊಳ್ಳಲು ಎಲ್ಲ ಕಾರಣವೂ ಇದ್ದ ಆ ತಾಯಿ ಈ ಊರಿನಲ್ಲಿ ಕಂಡದ್ದು ನೆರಳನ್ನು, ಒಂದು ತಂಬಿಗೆ ನೀರನ್ನು, ಹೆಸರು ಕೇಳದ ಒಂದು ಕೈಯನ್ನು. ಆ ಜೈಲಿನ ಗೋಡೆಯ ಪಕ್ಕದಲ್ಲಿಯೇ ಇಷ್ಟು ವರ್ಷ ಓಡಾಡಿದ ನಾನು ಅಲ್ಲಿಯ ಗಿಡಗಳನ್ನು ಲಕ್ಷ್ಯಗೊಟ್ಟು ನೋಡಿದ್ದು ಅಂದೇ ಮೊದಲು. ಆಕೆ ಇಳಿಯುವಾಗ ಚೀಲವನ್ನು ಕೈಗೆ ಕೊಟ್ಟೆ. ಅದಕ್ಕಿಂತ ಹೆಚ್ಚೇನನ್ನೂ ಮಾಡಲಿಲ್ಲ.

ಓದುಗ ಬಂಧುಗಳೇ, ರಜೆಗಳು ಬರುತ್ತವೆ, ನಾವು ಊರುಗಳನ್ನು ನೋಡಲು ಹೋಗುತ್ತೇವೆ, ನೋಡಿದ್ದನ್ನು ನಾಲ್ಕು ಜನರಿಗೆ ಹೇಳುತ್ತೇವೆ. ಹೇಳುವಾಗ ಯಾವ ತಿಂಗಳಲ್ಲಿ ಹೋಗಿದ್ದೆವು, ಎಷ್ಟು ಹೊತ್ತು ಇದ್ದೆವು, ಯಾರೊಡನೆ ಮಾತನಾಡಿದೆವು ಎಂಬುದನ್ನೂ ಜೊತೆಗೆ ಹೇಳಿಬಿಟ್ಟರೆ ಸಾಕು. ಅರ್ಧ ಅನ್ಯಾಯ ಅಲ್ಲಿಯೇ ತಪ್ಪುತ್ತದೆ. ಯಾರೊಡನೆಯೂ ಮಾತನಾಡಿರದಿದ್ದರೆ ‘ಆ ಊರಿನಲ್ಲಿ ಏನೂ ಇಲ್ಲ’ ಎನ್ನುವ ಅಧಿಕಾರ ನಮಗೆ ಇನ್ನೂ ಬಂದಿಲ್ಲ. ನಾನು ತಂಗಿಗೆ ಪತ್ರ ಬರೆದು, ಆಗಸ್ಟ್ ತಿಂಗಳಿನಲ್ಲಿ ಮಕ್ಕಳನ್ನು ಕರೆದುಕೊಂಡು ಮತ್ತೊಮ್ಮೆ ಬರಬೇಕೆಂದು ಕೇಳಿದೆ. ಜೋಗದ ವಿಷಯವಾಗಿ ಆ ಗುರುಗಳಿಗೂ ಒಂದು ಪತ್ರ ಬರೆಯುವುದಿತ್ತು, ಅದನ್ನೂ ಬರೆದೆ.